ಉಂಗುರಬೆರಳಿನ ಮೇಲಿನ ಗಡಿ

ನಮ್ಮಲ್ಲಿ ಜೀವ ಹೋದವರನ್ನು ಕೂರಿಸಿ ಮಣ್ಣು ಕೊಡುವಾಗ, ಅವರು ಬದುಕಿರುವ ತನಕ ಪೂಜಿಸಿದ ಇಷ್ಟಲಿಂಗವನ್ನು ಅವರ ಎಡ ಅಂಗೈಯಲ್ಲಿ ಇಡುತ್ತಾರೆ. ಕಳೆದ ಕಾರ್ತಿಕದಲ್ಲಿ ನನ್ನ ಹೆಂಡತಿ ವಿರೂಪಾಕ್ಷಮ್ಮನಿಗೆ ಅದನ್ನು ಇಟ್ಟವರು ಸ್ವಾಮಿಗಳು, ಕೈ ಹಿಡಿದುಕೊಂಡವನು ನಾನು. ಆ ಕೈಯ ಕಿರುಬೆರಳು ಸ್ವಲ್ಪ ಒಳಕ್ಕೆ ಬಾಗಿತ್ತು. ಸುತ್ತ ನಿಂತ ಮೊಮ್ಮಕ್ಕಳು ಅದು ವಯಸ್ಸಿನಿಂದ ಬಾಗಿದ್ದೆಂದು ತಿಳಿದಿದ್ದಾರೆ. ಹಾಗಲ್ಲ. ಅವರಿಗೆ ತಿಳಿಯಲೆಂದು ಇದನ್ನು ಬರೆಯುತ್ತಿದ್ದೇನೆ.

ಇದು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಯಲಬುರ್ಗಾದ ಹತ್ತಿರ ನಮ್ಮೂರಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇತ್ತು. ವಿರೂಪಾಕ್ಷಮ್ಮನಿಗೆ ಪೂಜೆ ಕಲಿಸಿದವರು ಅವಳ ತಂದೆ, ತಳಕಲ್ಲಿನ ಕೊಟ್ರಬಸಪ್ಪನವರು. ಅವರು ಬಹಳ ನಿಷ್ಠೆಯ ಮನುಷ್ಯರು. ಊಟ ತಪ್ಪಿಸಿದರೂ ಲಿಂಗಪೂಜೆ ತಪ್ಪಿಸಿದವರಲ್ಲ. ಪೂಜೆಗೆ ಕೂತಾಗ ದೇಹದ ಅರಿವು ತಾನಾಗಿ ಕರಗಿ ಹೋಗಬೇಕು, ಅಂಗೈಯಲ್ಲಿ ಲಿಂಗ ಬೇರೆ ಕೈ ಬೇರೆ ಎನ್ನುವ ಭೇದ ಉಳಿಯಬಾರದು ಎಂದು ಅವರು ಹೇಳುತ್ತಿದ್ದರು. ತಮಗಿನ್ನೂ ಅದು ಒಲಿದಿಲ್ಲವೆಂದೂ ಮುಚ್ಚಿಡದೆ ಹೇಳುತ್ತಿದ್ದರು.

ಆ ವರ್ಷ ಯುಗಾದಿ ಕಳೆದ ಮೇಲೆ ವಿರೂಪಾಕ್ಷಮ್ಮ ಒಂದು ದಿನ ಪೂಜೆ ಮುಗಿಸಿ ಎದ್ದು, ಅಂಗಡಿಗೆ ಹೊರಟಿದ್ದ ನನ್ನನ್ನು ತಡೆದಳು.

"ಲಿಂಗ ಅಂಗೈಯಾಗ ಕರಗಿದಂಗ ಆಗ್ತೈತ್ರಿ. ಕಣ್ಣು ಮುಚ್ಚಿದ್ರ, ಐತೋ ಇಲ್ಲೋ ತಿಳಿಯಂಗಿಲ್ಲ" ಎಂದಳು.

ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಸುದ್ದಿ ಕೇಳಿ ಮಾವನವರು ತಳಕಲ್ಲಿನಿಂದ ಬಂದರು. ಮಗಳನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಕೇಳಿದರು, ಕೊನೆಗೆ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. ತಮಗೆ ಬಾರದ್ದು ಮಗಳಿಗೆ ಬಂತೆಂಬ ಸಂತೋಷದಲ್ಲಿ ಅಸೂಯೆಯ ಎಳೆಯೂ ಇರಲಿಲ್ಲ. ಅವರ ಮೇಲೆ ನನ್ನ ಗೌರವ ಇನ್ನೂ ಹೆಚ್ಚಾಯಿತು.

ಮುಂದಿನ ಅಮಾವಾಸ್ಯೆಯಂದು ನಮ್ಮ ಮನೆಯಲ್ಲಿ ಪೂಜೆಗೆ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿದ್ದರು. ವಿರೂಪಾಕ್ಷಮ್ಮ ಎಡಗೈಯಲ್ಲಿ ಲಿಂಗ ಹಿಡಿದು, ಬಲಗೈಯಿಂದ ಧೂಪ ಬೆಳಗುವಾಗ ಒಂದು ಕೆಂಡ ಜಾರಿ ಎಡಗೈಯ ಅಂಚಿನ ಮೇಲೆ, ಕಿರುಬೆರಳಿನ ಬುಡದಲ್ಲಿ ಕೂತಿತು. ಅವಳು ಅಲುಗಲಿಲ್ಲ, ಕಣ್ಣು ತೆರೆಯಲಿಲ್ಲ. ಚರ್ಮ ಸುಟ್ಟ ವಾಸನೆ ಬಂದಮೇಲೆ ಪಕ್ಕದ ಮನೆಯ ಗಾಳೆಮ್ಮ ಕೆಂಡವನ್ನು ಸೆರಗಿನಿಂದ ಝಾಡಿಸಿದಳು. ಆಮೇಲೆ ಕೈಯನ್ನೂ ಮುಖವನ್ನೂ ನೋಡಿ ಅಲ್ಲಿಯೇ ನೆಲಕ್ಕೆ ಹಣೆ ಹಚ್ಚಿದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮರುದಿನದಿಂದ ಮೈಯಲ್ಲಿ ಹುಷಾರಿಲ್ಲದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಬರತೊಡಗಿದರು. ಆ ಸುಟ್ಟ ಕೈಯನ್ನು ಮಕ್ಕಳ ತಲೆಯ ಮೇಲೆ ಇಡಿಸಿಕೊಂಡು ಹೋದರು. ಗಾಯಕ್ಕೆ ಮುಲಾಮು ಹಚ್ಚುವುದೂ ಬೇಡ, ಕೊಟ್ಟವನೇ ಮಾಯಿಸುತ್ತಾನೆ ಎಂದು ಮಾವನವರು ಹೇಳಿದರು.

ಗಾಯ ಮಾಯಲಿಲ್ಲ. ಅಷ್ಟೇ ಅಲ್ಲ, ನಾನು ದಿನಾ ಉಣ್ಣುವ ರೊಟ್ಟಿ ಬೇರೆ ಏನನ್ನೋ ಹೇಳತೊಡಗಿತು. ಜೋಳದ ರೊಟ್ಟಿ ಬಡಿಯುವಾಗ ಬಲಗೈ ಬಡಿಯುತ್ತದೆ, ಎಡಗೈಯ ಅಂಚು ಹಿಟ್ಟು ಒಡೆಯದಂತೆ ಸುತ್ತಲೂ ಕಾಯುತ್ತದೆ. ನಮ್ಮ ಮನೆಯ ರೊಟ್ಟಿ ಒಂದು ಮಗ್ಗುಲಿಗೆ ಸೀಳು ಬಿಡುತ್ತಿತ್ತು. ಎಡಗೈಯಿಂದ ನೀರು ಮೊಗೆದರೆ ಕಿರುಬೆರಳಿನ ಸಂದಿಯಿಂದ ಸೋರುತ್ತಿತ್ತು, ಆ ಬೆರಳು ಪಕ್ಕದ ಬೆರಳಿಗೆ ಕೂಡುತ್ತಿರಲಿಲ್ಲ. ಪೂಜೆಯಲ್ಲಿ ಮೈಮರೆಯುವುದು ಸರಿ, ರೊಟ್ಟಿ ಬಡಿಯುವಾಗ ಯಾಕೆ ಎಂದು ನಾನು ಕೇಳಿದೆ. ಅವಳು ನಕ್ಕು ಇನ್ನೊಂದು ರೊಟ್ಟಿ ಹಾಕಿದಳು. ಸುಟ್ಟ ಗಾಯವನ್ನಾದರೂ ತೋರಿಸೋಣ ಎಂದು ಒತ್ತಾಯ ಮಾಡಿ ಕೊಪ್ಪಳಕ್ಕೆ ಹೊರಡಿಸಿದೆ. ಮಾವನವರು ಕಾವಲಿಗೆಂಬಂತೆ ಜೊತೆಗೆ ಬಂದರು.

ದವಾಖಾನೆಯಲ್ಲಿದ್ದವರು ಡಾಕ್ಟರ್ ಶಹನಾಜಬೇಗಂ, ಗಂಗಾವತಿ ಕಡೆಯವರು. ಚಿಕ್ಕ ವಯಸ್ಸು, ನಮ್ಮದೇ ಮಾತು. ಗಾಯ ನೋಡಿದವರು ಗಾಯವನ್ನು ಬಿಟ್ಟು ಮೊಣಕೈಯನ್ನು ಹಿಡಿದರು. ಮೊಣಕೈಯ ಒಳಮಗ್ಗುಲಿನ ಎಲುಬಿನ ಸಂದಿಯಲ್ಲಿ ಬೆರಳಾಡಿಸಿದಾಗ ವಿರೂಪಾಕ್ಷಮ್ಮ ನೋವಿನಿಂದ ಕೈ ಎಳೆದುಕೊಂಡಳು. ಕೆಂಡಕ್ಕೆ ಅಲುಗದವಳು ಬೆರಳು ಸೋಕಿದ್ದಕ್ಕೆ ಅಲುಗಿದ್ದನ್ನು ಮಾವನವರು ನೋಡಿದರು. ಡಾಕ್ಟರು ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ಚರ್ಮದ ಕೆಳಗೆ ಹಗ್ಗದ ಹುರಿಯಂಥದ್ದೊಂದು ದಪ್ಪಗೆ ಸಿಕ್ಕಿತು. ಅದು ನರ, ಬಾತುಕೊಂಡಿದೆ ಎಂದರು. ಬೆನ್ನಿನ ಮೇಲೆ ಒಂದು ಮಾಸಲು ಮಚ್ಚೆಯೂ ಇತ್ತು, ಅದನ್ನು ನಾವು ಯಾರೂ ಗಮನಿಸಿರಲಿಲ್ಲ.

ಬಾಗಿಲು ಮುಂದೆ ಮಾಡಿ ಅವರು ರೋಗದ ಹೆಸರು ಹೇಳಿದರು. ನಮ್ಮೂರಲ್ಲಿ 'ದೊಡ್ಡ ರೋಗ' ಎಂದು ಮೆಲ್ಲಗೆ ಹೇಳುವ ಕುಷ್ಠ. ಅದು ಮೊದಲು ನರವನ್ನು ಹಿಡಿಯುತ್ತದೆ. ಈಗಲೇ ಗುಳಿಗೆ ಹಿಡಿದರೆ ಕೈ ಉಳಿಯುತ್ತದೆ. ಬಿಟ್ಟರೆ ನರ ಸತ್ತು, ಬೆರಳು ಮುದುಡಿ, ಅರಿವಿಲ್ಲದೆ ಆದ ಗಾಯಗಳೇ ಕೈಯನ್ನು ತಿಂದುಹಾಕುತ್ತವೆ ಎಂದರು.

ವಿರೂಪಾಕ್ಷಮ್ಮ ಗುಳಿಗೆ ಒಲ್ಲೆನೆಂದಳು. ಹೆದರಿ ಅಲ್ಲ, ಬಹಳ ಶಾಂತವಾಗಿ. ಇದು ದೇವರು ಕೊಟ್ಟದ್ದು, ಔಷಧ ಕುಡಿದು ಓಡಿಸಲಾರೆ ಎಂದಳು. ಅವಳ ತಂದೆ ತಲೆದೂಗಿದರು.

ಡಾಕ್ಟರು ಸಿಟ್ಟಾಗಲಿಲ್ಲ. ಮಾವನವರನ್ನೇ ಹತ್ತಿರ ಕರೆದು ಕುರ್ಚಿಯಲ್ಲಿ ಕೂರಿಸಿದರು.

"ಅಜ್ಜಾರ, ಮೊಣಕೈ ಮಡಚ್ರಿ. ಸ್ವಲ್ಪ ತಟ್ಟತೀನಿ, ಬೈಬ್ಯಾಡ್ರಿ."

"ಸಣ್ಣಾಂವ ಇದ್ದಾಗ ಮಾಸ್ತರ ಹೊಡತಕ್ಕ ಬೈದಿಲ್ಲ, ನಿನಗ್ಯಾಕ ಬೈಯ್ಲಿ. ತಟ್ಟವ್ವಾ."

ಎಲುಬಿನ ಸಂದಿಗೆ ತಟ್ಟಿದಾಗ ಮಾವನವರು ಬೆಚ್ಚಿ ಕಿರುಬೆರಳು ಕೊಡವಿದರು. ತಟ್ಟಿದ್ದು ಮೊಣಕೈಗೆ, ಜುಮ್ಮೆಂದದ್ದು ಕಿರುಬೆರಳು. ಎಲ್ಲರಿಗೂ ಆಗುವಂಥದ್ದೇ, ಆದರೆ ಯಾಕೆಂದು ನಾವು ಯಾರೂ ಕೇಳಿಕೊಂಡಿರಲಿಲ್ಲ. ಕಿರುಬೆರಳಿನ ಸುದ್ದಿಯೆಲ್ಲ ಈ ಸಂದಿಯ ಮೇಲೆಯೇ ಹೋಗುತ್ತದೆ ಎಂದರು ಡಾಕ್ಟರು. ಸುದ್ದಿ ದಾರಿಯಲ್ಲಿ ಎಲ್ಲಿ ಹುಟ್ಟಿತೆಂದು ಮಿದುಳಿಗೆ ಗೊತ್ತಾಗುವುದಿಲ್ಲ, ಯಾವ ದಾರಿಯಿಂದ ಬಂತೆಂದಷ್ಟೇ ಗೊತ್ತು. ಆದ್ದರಿಂದ ಬೆರಳೇ ಕೂಗಿತೆಂದು ತಿಳಿಯುತ್ತದೆ.

ಆಮೇಲೆ ಅವರು ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಬೆರಳ ತುದಿಯ ಚರ್ಮದಲ್ಲಿ ಕಣ್ಣಿಗೆ ಕಾಣದ ಮೊಳಕೆಗಳಿವೆ. ಕೆಲವು ಮೆತ್ತಗಿನ ಸ್ಪರ್ಶಕ್ಕೆ, ಕೆಲವು ಒತ್ತಿದ್ದಕ್ಕೆ, ಕೆಲವು ಬಿಸಿಗೆ, ಕೆಲವು ತಂಪಿಗೆ, ಕೆಲವು ನೋವಿಗೆ ಎಚ್ಚರಾಗುತ್ತವೆ. ಅವುಗಳ ಎಳೆಗಳು ಕೂಡಿ ಒಂದು ನರವಾಗಿ, ಮೊಣಕೈ ದಾಟಿ, ಕಂಕುಳ ಹಾಯ್ದು, ಕುತ್ತಿಗೆಯ ಬುಡದಲ್ಲಿ ಬೆನ್ನುಹುರಿ ಸೇರುತ್ತವೆ. ಅಲ್ಲಿಂದ ಮೇಲೆ ಹೋಗುವಾಗ ಎಡಗೈಯ ಸುದ್ದಿ ಬಲಮಗ್ಗುಲಿಗೆ ದಾಟಿ, ಮಿದುಳಿನ ಬಲಭಾಗವನ್ನು ಮುಟ್ಟುತ್ತದೆ. ನೋವಿನ ಎಳೆಗಳಲ್ಲಿಯೂ ಬೇಗ ಹೋಗುವವು ಇವೆ, ನಿಧಾನದವು ಇವೆ. ಕಾಲು ಎಡವಿದಾಗ ಮೊದಲು ಚುಳ್ಳೆನ್ನುತ್ತದೆ, ಒಂದು ಉಸಿರಿನ ನಂತರ ಉರಿ ಬರುತ್ತದೆ. ಎರಡು ಬೇರೆ ಎಳೆಗಳಲ್ಲಿ ಬಂದ ಸುದ್ದಿಗಳವು. ಮುಳ್ಳು ತುಳಿದರೆ ಮಿದುಳಿಗೆ ತಿಳಿಯುವ ಮೊದಲೇ ಬೆನ್ನುಹುರಿ ಕಾಲನ್ನು ಎತ್ತಿಸಿಬಿಡುತ್ತದೆ.

ಮಾವನವರ ಬೆನ್ನಿಗೆ ಕಡ್ಡಿಪೆಟ್ಟಿಗೆಯ ಎರಡು ಕಡ್ಡಿಗಳನ್ನು ಒಂದು ಬೆರಳಗಲ ಅಂತರದಲ್ಲಿ ಒಟ್ಟಿಗೇ ತಾಗಿಸಿ, ಎಷ್ಟೆಂದು ಕೇಳಿದರು. ಒಂದೆಂದರು. ಇನ್ನೂ ಹತ್ತಿರ ಹಿಡಿದು ಬೆರಳ ತುದಿಗೆ ತಾಗಿಸಿದಾಗ ಎರಡೆಂದರು. ಇಡೀ ಬೆನ್ನಿಗೆ ಮಿದುಳಿನಲ್ಲಿರುವ ಜಾಗ ಸಣ್ಣದು, ಅಂಗೈಗೂ ತುಟಿಗೂ ದೊಡ್ಡದು. ಮಾವನವರು ತಮ್ಮ ಅಂಗೈಯನ್ನು ತಿರುಗಿಸಿ ಹೊಸದೊಂದು ವಸ್ತುವಿನಂತೆ ನೋಡಿಕೊಂಡರು.

"ಇಷ್ಟೆಲ್ಲಾ ಒಳಗ ಇಟ್ಟಾನ, ಹೊರಗ ಒಂದು ಗುರುತ ಸುದ್ದಾ ತೋರಿಸಿಲ್ಲ" ಎಂದರು. ಆದರೂ ಮಗಳ ಮಾತನ್ನು ಬಿಡಲಿಲ್ಲ. ಮನಸ್ಸು ಲಿಂಗದಲ್ಲಿ ನಿಂತಾಗ ಮಿದುಳು ಈ ಸುದ್ದಿಗಳನ್ನು ತಾನೇ ಬೇಡವೆನ್ನಬಹುದಲ್ಲ ಎಂದು ಕೇಳಿದರು. ಪ್ರಶ್ನೆ ಒಳ್ಳೆಯದೆಂದು ಡಾಕ್ಟರು ಒಪ್ಪಿಕೊಂಡರು. ಮನಸ್ಸು ಬೇರೆಡೆ ಇದ್ದರೆ ನೋವು ಕಡಿಮೆಯಾಗುವುದು ನಿಜವೆಂದೂ ಹೇಳಿದರು. ಆಮೇಲೆ ವಿರೂಪಾಕ್ಷಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ಅರಳೆಯ ಎಳೆಯೊಂದರಿಂದ ಅವಳ ಅಂಗೈಯನ್ನು ಅಲ್ಲಲ್ಲಿ ಸೋಕಿಸುತ್ತ, ಅವಳು ಹೂಂ ಎಂದಲ್ಲಿ ಬಿಟ್ಟು, ಸುಮ್ಮನಿದ್ದಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟರು. ಚುಕ್ಕೆಗಳನ್ನು ಕೂಡಿಸಿದಾಗ ಒಂದು ಗೆರೆಯಾಯಿತು. ಗೆರೆ ಅಂಗೈಯಿಂದ ಹತ್ತಿ ಉಂಗುರಬೆರಳಿನ ನಟ್ಟನಡುವೆ ತುದಿಯ ತನಕ ಹೋಯಿತು. ಹೆಬ್ಬೆರಳಿನ ಕಡೆಯ ಅರ್ಧಕ್ಕೆ ಎಲ್ಲ ತಿಳಿಯುತ್ತಿತ್ತು. ಕಿರುಬೆರಳಿನ ಕಡೆಯ ಅರ್ಧಕ್ಕೆ ಏನೂ ಇಲ್ಲ. ಆ ಬೆರಳಿಗೆ ಎರಡು ನರಗಳು ಪಾಲುದಾರರು, ಸಾಮಾನ್ಯವಾಗಿ ಅರ್ಧ ಒಂದರದು, ಅರ್ಧ ಇನ್ನೊಂದರದು ಎಂದರು ಡಾಕ್ಟರು.

ಮಾವನವರು ಕೈ ಚಾಚಿ ಅರಳೆಯನ್ನು ಕೇಳಿ ಪಡೆದರು. ಮಗಳ ಉಂಗುರಬೆರಳಿನ ಒಂದು ಮಗ್ಗುಲು ಸೋಕಿಸಿದರು.

"ತಿಳೀತಾ, ಯವ್ವಾ?"

"ತಿಳೀತು, ಯಪ್ಪಾ."

ಇನ್ನೊಂದು ಮಗ್ಗುಲು ಸೋಕಿಸಿದರು. ಅವಳು ಸುಮ್ಮನಿದ್ದಳು. ಮತ್ತೆ ಸೋಕಿಸಿದರು. ಅವಳು ಕಣ್ಣು ಮುಚ್ಚಿಕೊಂಡೇ, ಯಾವಾಗ ಮುಟ್ಟುತ್ತೀ ಎಂದು ಕೇಳಿದಳು.

ಅವರು ಅರಳೆಯನ್ನು ಮೇಜಿನ ಮೇಲೆ ಇಟ್ಟರು.

"ಕಣ್ಣು ತೆರಿ, ಯವ್ವಾ" ಎಂದರು. "ಅರ್ಧ ಬೆರಳಿಗೆ ಕೊಟ್ಟು ಅರ್ಧ ಬೆರಳಿಗೆ ಕೊಡದಂಥಾ ಕೃಪಾ ಆತಂದಲ್ಲ. ಗುಳಿಗಿ ತಗೋ."

ಅವಳು ಕಣ್ಣು ತೆರೆದು ಗೆರೆಯನ್ನು ನೋಡಿದಳು. ಯುಗಾದಿಯಿಂದ ಮುಖದ ಮೇಲಿದ್ದ ಆ ಬೆಳಕು ನಮ್ಮ ಕಣ್ಣೆದುರಿಗೇ ಆರಿತು. ರೋಗದ ಹೆಸರಿಗೆ ಅಳದವಳು ಈಗ ಅತ್ತಳು.

"ಹಂಗಾದ್ರ ನಂದು ಭಕ್ತಿ ಅಲ್ಲೇನು?"

"ಭಕ್ತಿ ನಿಂದ. ಬ್ಯಾನಿ ನರದ್ದು. ಎರಡನ್ನೂ ಕೂಡಿಸಿದಾಂವ ನಾನು, ಮುದುಕ" ಎಂದರು ಮಾವನವರು. ಡಾಕ್ಟರು ಮುಖ ತಿರುಗಿಸಿ ಸೂಜಿಗಳ ಡಬ್ಬಿಯನ್ನು ಸರಿಪಡಿಸುತ್ತ ನಿಂತರು.

ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಬೇಕಾಯಿತು. ಬಾವು ಇಳಿಯಲು ಬೇರೆ ಗುಳಿಗೆ, ಮಲಗುವಾಗ ಕೈಗೆ ಕಟ್ಟಲು ಒಂದು ಪಟ್ಟಿ. ಮಕ್ಕಳನ್ನು ತಂದವರೆಲ್ಲ ಬರುವುದನ್ನು ನಿಲ್ಲಿಸಿದರು. ಕೆಲವರು ಅಂಗಡಿಯ ಉಪ್ಪನ್ನೂ ಬಿಟ್ಟರು. ಗಾಳೆಮ್ಮ ಮಾತ್ರ ಬಿಡಲಿಲ್ಲ. "ಅವತ್ತು ಕಾಲು ಬಿದ್ದು ಮೊಣಕಾಲು ತರಚಿಗೊಂಡೀನಿ, ಅದನ್ನ ಯಾರು ತುಂಬಿ ಕೊಡ್ತಾರ" ಎಂದು ಕಾಡಿಸುತ್ತ ಒಲೆಯ ಮುಂದಿನ ಬಿಸಿ ಕೆಲಸವನ್ನೆಲ್ಲ ತಾನೇ ಕಸಿದುಕೊಳ್ಳುತ್ತಿದ್ದಳು. ಕೈಗೆ ತಿಳಿಯದ್ದನ್ನು ಕಣ್ಣು ಕಾಯಬೇಕೆಂದು ಡಾಕ್ಟರು ಹೇಳಿದ್ದರಿಂದ, ದಿನಾ ಸಂಜೆ ನಾನೂ ಅವಳೂ ಆ ಕೈಯನ್ನು ಬೆಳಕಿಗೆ ಹಿಡಿದು ಗಾಯವಾಗಿದೆಯೇ ಎಂದು ನೋಡುತ್ತಿದ್ದೆವು. ಗಂಡಹೆಂಡಿರು ಇಷ್ಟು ವರ್ಷ ಬಾಳಿಯೂ ಒಬ್ಬರ ಅಂಗೈಯನ್ನು ಇನ್ನೊಬ್ಬರು ಅಷ್ಟು ನೋಡಿರಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಅಂಗಳದಲ್ಲಿ ಬಿತ್ತನೆಗೆಂದು ಶೇಂಗಾ ಸುಲಿಯುತ್ತ ಕೂತಿದ್ದೆವು. ಅವಳ ಕೈ ತಟ್ಟನೆ ನಿಂತಿತು. ಯಾಕೆಂದೆ. ಒಡೆದ ಸಿಪ್ಪೆಯ ಚೂಪೊಂದು ಉಂಗುರಬೆರಳಿನ ಆಚೆ ಮಗ್ಗುಲಿಗೆ, ಗೆರೆಯ ಕತ್ತಲೆ ಕಡೆಗೆ, ಚುಚ್ಚಿಕೊಂಡಿತ್ತು.

"ನೋಯಾಕ ಹತ್ತೈತ್ರಿ" ಎಂದಳು.

ನಾನು ಕೀಳಲು ಹೋದೆ. ತಡೀರಿ ಎಂದಳು. ಆ ಬೆರಳನ್ನು ಎದುರಿಗೆ ಹಿಡಿದು, ಆ ನೋವು ಮೊಣಕೈ ದಾಟಿ, ಕಂಕುಳ ಹಾಯ್ದು, ಮೇಲೆ ತನ್ನಷ್ಟಕ್ಕೆ ತಾನು ಬಂದು ಮುಟ್ಟುವುದನ್ನು ಕೇಳಿಸಿಕೊಳ್ಳುವವಳ ಹಾಗೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ತಾನೇ ಸಿಪ್ಪೆಯನ್ನು ಕಿತ್ತು ಬಿಸಾಕಿ, ತಳಕಲ್ಲಿಗೆ ಹೋಗುವ ಬಸ್ಸು ಇನ್ನೂ ಇದೆಯೇ, ಅಪ್ಪನಿಗೆ ಹೇಳಿ ಬರುತ್ತೇನೆ ಎಂದು ಎದ್ದಳು.