ಎರಡನೇ ತೊಟ್ಟಿಯ ಮೀನುಗಳು

ಗ್ರಾಫ್ ಅಂದವಾಗಿ ಬಂದಿತ್ತು. ಮೂರು ವರ್ಷದಿಂದ ನಾನು ಹೇಳುತ್ತಾ ಬಂದಿದ್ದೇ ಮತ್ತೆ ನಿಜವಾಗಿತ್ತು: ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕವನ್ನು ಔಷಧಿಯಾಗಿ ಚುಚ್ಚಿದ ಮೀನುಗಳ ಮೆದುಳಿನಲ್ಲಿ ಒಂದು ಕಿಣ್ವದ ಚುರುಕು ಅರ್ಧಕ್ಕೆ ಇಳಿಯುತ್ತದೆ. ಪಿಎಚ್‌ಡಿ ಪ್ರಬಂಧ ಒಪ್ಪಿಸಲು ನಾಳೆಯೇ ಕೊನೆಯ ದಿನ. ಇನ್ನೊಂದು ದಿನವೂ ಕೊಡುವುದಿಲ್ಲ ಎಂದು ವಿಭಾಗದವರು ಖಡಾಖಂಡಿತವಾಗಿ ಹೇಳಿದ್ದರು. ಕುಣಿದಾಡುತ್ತಾ ಅಮ್ಮನಿಗೆ ಫೋನ್ ಮಾಡಿದೆ.

"ಅಂತೂ ನಿನ್ನ ಮೀನು ದಡ ಸೇರಿದ್ವಲ್ಲ!" ಎಂದಳು ಅಮ್ಮ. "ತಡಿ, ಅಕ್ಕಂಗೂ ಹೇಳ್ತೀನಿ."

ಉಳಿದ ಔಷಧಿ ಎತ್ತಿಡೋಣವೆಂದು ಫ್ರಿಜ್ ತೆರೆದೆ. ಇವತ್ತಿಗೆಂದು ತಾರೀಖು ಬರೆದಿಟ್ಟಿದ್ದ ಔಷಧಿ ಸೀಸೆ ಅಲ್ಲೇ ಇತ್ತು, ಸೀಲೂ ಒಡೆದಿರಲಿಲ್ಲ. ಹೋಲಿಕೆಗೆಂದು ಒಂದನೇ ತೊಟ್ಟಿಗೆ ಬರೀ ಉಪ್ಪುನೀರು, ಎರಡನೆಯದಕ್ಕೆ ಔಷಧಿ, ಇದು ನನ್ನ ಕ್ರಮ. ಹಾಗಾದರೆ ಬೆಳಿಗ್ಗೆ ಎರಡನೇ ತೊಟ್ಟಿಯ ಮೀನುಗಳಿಗೆ ಚುಚ್ಚಿದ್ದೇನು? ಕಸದ ಬುಟ್ಟಿ ಸುರಿದು ನೋಡಿದೆ. ಖಾಲಿ ಸೀಸೆಗಳೆರಡೂ ಬರೀ ಉಪ್ಪುನೀರಿನವು. ಅವಸರದಲ್ಲಿ ಎರಡೂ ತೊಟ್ಟಿಯ ಮೀನಿಗೆ ಅದನ್ನೇ ಚುಚ್ಚಿದ್ದೆ. ಆದರೂ ಎರಡನೇ ತೊಟ್ಟಿಯಲ್ಲಿ ಕಿಣ್ವ ಇಳಿದಿತ್ತು, ಎಂದಿನಷ್ಟೇ. ಔಷಧಿಯಿಲ್ಲದೆಯೂ ಬರುವ ಫಲಿತಾಂಶಕ್ಕೆ ಔಷಧಿಯ ಹೆಸರಿಟ್ಟು ಮೂರು ವರ್ಷ ಮೆರೆದಿದ್ದೆ!

ತೊಟ್ಟಿಗಳನ್ನು ನೋಡಿಕೊಳ್ಳುವ ಮುದುಕರು, ನಾವೆಲ್ಲ ಮೀನಪ್ಪ ಎನ್ನುವವರು, ಬಲೆ ತೊಳೆಯುತ್ತಿದ್ದರು.

"ಮೀನಪ್ಪ, ಯಾವ ತೊಟ್ಟಿ ಮೀನು ಮೊದ್ಲು ಹಿಡೀತೀರ?"

"ಒಂದಾದ್ಮೇಲೆ ಎರಡು ತಾನೇ ಅಮ್ಮಾ? ಯಾವಾಗ್ಲೂ ಹಂಗೇ. ಪಾಪ, ಪಕ್ಕದ ತೊಟ್ಟೀವನ್ನ ಹಿಡಿಯೋದು ಗಾಜಲ್ಲಿ ಕಾಣ್ತದಲ್ಲ, ನಾ ಎರಡನೇದಕ್ಕೆ ಬರೋಷ್ಟ್ರಲ್ಲಿ ಇವು ಹೆದ್ರಿ ಮೂಲೆ ಸೇರಿರ್ತವೆ."

ಹೆದರಿದ ಮೀನಿನ ಮೆದುಳು ಸೆರೊಟೋನಿನ್ ಅನ್ನು ತಾನೇ ಸುರಿಸುತ್ತದೆ, ನನ್ನ ಸೂಜಿಯೇನೂ ಬೇಕಿಲ್ಲ. ಇಷ್ಟು ದಿನ ನಾನು ಅಳೆದದ್ದು ಅವುಗಳ ಭಯವನ್ನು.

"ಮಧ್ಯೆ ಒಂದು ಪೇಪರ್ ಅಂಟಿಸಿದ್ರೆ ಆಗ್ತಿತ್ತಲ್ಲ!" ಎಂದು ಅವರ ಮೇಲೇ ರೇಗಿದೆ.

"ಅಂಟ್ಸಿದ್ದೆ ಕಣಮ್ಮಾ. ನೀವು ಬಂದ ಮೊದಲ್ನೇ ವಾರ, ಕೊಳಕಾಗಿ ಕಾಣ್ತದೆ ಅಂತ ನೀವೇ ಕಿತ್ತು ಹಾಕಿದ್ರಿ."

ಅಷ್ಟರಲ್ಲಿ ಮಾರ್ಗದರ್ಶಕರ ಫೋನ್ ಬಂತು. "ಏನಮ್ಮಾ, ಗ್ರಾಫ್ ಬಂತಾ? ಕಳಿಸು, ಸಹಿ ಹಾಕ್ಬಿಡ್ತೀನಿ."

ಹೂಂ ಅಂದರೆ ಮುಗಿಯಿತು. ಸೀಸೆಯ ವಿಷಯ ನನ್ನ ಹೊರತು ಯಾರಿಗೂ ಗೊತ್ತಿಲ್ಲ. ಮೀನಪ್ಪ ಖಾಲಿ ತೊಟ್ಟಿಯ ಗಾಜು ಒರೆಸುತ್ತಿದ್ದರು.

"ಬಂತು ಸರ್," ಎಂದೆ. "ಆದ್ರೆ ಕಳಿಸಲ್ಲ. ಅದು ಸುಳ್ಳು ಸರ್. ಮೂರು ವರ್ಷದ್ದೂ ಸುಳ್ಳು."

ಕಿವಿಗೆ ಒತ್ತಿಕೊಂಡಿದ್ದ ಫೋನ್ ಗುಂಯ್ ಎಂದಿತು. ತೆಗೆದು ನೋಡಿದರೆ ಅಕ್ಕನ ಮೆಸೇಜ್: "ನಮ್ಮ ಡಾಕ್ಟರಮ್ಮಂಗೆ ಅಭಿನಂದನೆ!"