ಸಂಗನಬಸುವಿನ ಮೊಣಕಾಲು

ಹೊನವಾಡದ ಸಂಗನಬಸುವಿಗೆ ಮೊಣಕಾಲು ನೋವು ಬರುವುದು ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುವ ಚಾಟ್ನಿ ಶುರುವಾದಾಗ ಮಾತ್ರ. ಈ ಸಲವೂ ಹೆಂಡತಿ ರಾಜೇಶ್ವರಿ ಕತ್ತರಿ ಹಿಡಿದು ತೋಟಕ್ಕೆ ಹೋದರೆ, ಈತ "ಡಾಕ್ಟರಿಗೆ ತೋರಸ್ಕೊಂಡ ಬರ್ತೇನಿ" ಎಂದು ತಿಕೋಟಾ ಬಸ್ಸು ಹತ್ತಿದ.

ಮರುದಿನ ಬೆಳಿಗ್ಗೆ ತೋಟದಲ್ಲಿದ್ದ ರಾಜೇಶ್ವರಿಗೆ ಅವಳ ತಮ್ಮ ಫೋನ್ ಮಾಡಿ, "ಅಕ್ಕಾ, ಮಾಮಾನ ಕಬಡ್ಡಿ ನೋಡಿದೇನ ಬೇ?" ಎಂದ. ಹಿಂದಿನ ದಿನ ತಿಕೋಟಾದಲ್ಲಿ ನಡೆದ ಪಂದ್ಯದ ವಿಡಿಯೊವನ್ನು ಆಟ ತೋರಿಸುವ ಯಾವುದೋ ಆ್ಯಪಿನವರು ಪೂರ್ತಿ ಹಾಕಿದ್ದರು. ತೋಟದಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ. ಅವಳೇನು ಬಿಡುವವಳೇ? ಮೊಬೈಲನ್ನು ಚಪ್ಪರದ ತಂತಿಗೆ ತೂಗುಹಾಕಿ, ಊಟದ ಹೊತ್ತಿಗೆ ವಿಡಿಯೊ ಡೌನ್‌ಲೋಡ್ ಮಾಡಿಕೊಂಡು ಮನೆಗೆ ಬಂದಳು.

ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದವನ ಮುಂದೆ ಹಿಡಿದಳು. ಅದರಲ್ಲಿ ಸಂಗನಬಸು, ಕಾಲು ಹಿಡಿಯಬಂದವರ ಮೇಲಿಂದ ಹಾರುತ್ತಿದ್ದ.

"ಅಂವ ನಾ ಅಲ್ಲ. ನನ್ನಂಗ ಅದಾನ ಅಷ್ಟ."

ರಾಜೇಶ್ವರಿ ಜಗಳಾಡಲಿಲ್ಲ. "ಖರೇ ಐತಿ. ನೀವಾಗಿದ್ರ ಇನ್ನಾ ಎತ್ತರ ಹಾರ್ತಿದ್ರಿ. ಇಂವ ಕೋಳಿ ಹಾರಿದಂಗ ಹಾರ್ಯಾನ."

"ಕೋಳಿ? ಕ್ಯಾಮೆರಾ ಮ್ಯಾಲಿಂದ ಹಿಡದಾರ, ಅದಕ್ಕ ಹಂಗ ಕಾಣಸ್ತೈತಿ. ನೋಡ ಇಲ್ಲೆ!" ಎಂದವನೇ ಸಂಗನಬಸು ಮಂಚದಿಂದ ನೆಗೆದು, ಜೋಳದ ಚೀಲ ದಾಟಿ, ಬಾಗಿಲಲ್ಲಿ ಹೋಗಿ ನಿಂತ.

ರಾಜೇಶ್ವರಿ ಅವನ ಕೈಗೆ ಕತ್ತರಿ ಇಟ್ಟಳು. "ಬಾಗಲತನಕ ಹೆಂಗೂ ಬಂದೀರಿ. ಹಂಗ ತೋಟಕ್ಕ ನಡೀರಿ."