ಎಲ್ಲರಿಗೂ ಹೇಳಿದ ಗುಟ್ಟು

ನನ್ನ ಸೊಸೆ ಬರ್ಗರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕೌಂಟರಿನಲ್ಲಿ ನಿಂತು ನಗುವ ಕೆಲಸವಲ್ಲ. ಹಿಂದೆ, ಎಣ್ಣೆ ಕುದಿಯುವ ಫ್ರೈಯರ್ ಮುಂದೆ. ಒಂದು ಸಂಜೆ ಬಲಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದಳು. ಎರಡು ತಿಂಗಳಲ್ಲಿ ಕೈ ಸುಟ್ಟುಕೊಂಡಿದ್ದು ಇದು ಮೂರನೆಯ ಸಲ.

ಕೆಳಗಿನ ಮನೆಯ ನರ್ಸಮ್ಮನನ್ನು ಕರೆದೆ. ಅವರ ಮಗನೂ ಅದೇ ಅಂಗಡಿಯಲ್ಲಿದ್ದಾನೆ. ಗಾಯಕ್ಕೆ ನಲ್ಲಿಯ ತಣ್ಣೀರು ಬಿಡುತ್ತಾ ಅವರು ಕೇಳಿದರು.

"ಎಣ್ಣೆ ಆರೋಕೆ ಬಿಡಲ್ವೇನಮ್ಮ?"

"ಆರೋಕೆ ಒಂದು ಗಂಟೆ ಬೇಕು. ಅಷ್ಟು ಹೊತ್ತು ಮ್ಯಾನೇಜರು ಕಾಯಲ್ಲ. ಸ್ವಿಚ್ ಆರಿಸಿದ ತಕ್ಷಣ ಬಿಸಿ ಎಣ್ಣೇನೇ ಸೋಸಿಬಿಡಿ ಅಂತಾರೆ. ಇರೋದು ಒಂದೇ ಜೊತೆ ಕೈಗವಸು, ಅದೂ ತೂತು."

"ಅವರಿಗೆ ಹೇಳಿದ್ಯಾ?"

"ಹೇಳ್ದೆ. ಉಳಿದವರೆಲ್ಲ ಸುಮ್ಮನಿದ್ದಾರೆ, ನಿನಗೊಬ್ಬಳಿಗೇ ಯಾಕೆ ಸುಡುತ್ತೆ ಅಂದ್ರು."

"ಅದಕ್ಕೇ ಸಂಘ ಬೇಕು ಅನ್ನೋದು. ನಮ್ಮ ಆಸ್ಪತ್ರೇಲಿ ಸಂಘ ಆದ್ಮೇಲೇ ನಮ್ಮ ಮಾತು ಕಿವಿಗೆ ಬಿದ್ದಿದ್ದು. ಒಬ್ಬಳು ಹೇಳಿದ್ರೆ ಗೊಣಗಾಟ, ಎಲ್ಲರೂ ಹೇಳಿದ್ರೆ ಬೇಡಿಕೆ."

ನನಗೆ ಮೈಯೆಲ್ಲ ಉರಿಯಿತು. "ಸಂಘಗಿಂಘ ಏನೂ ಬೇಡ! ನೀರಲ್ಲಿದ್ದುಕೊಂಡು ಮೊಸಳೆ ಜೊತೆ ಹಗೆ ಕಟ್ಕೊಳ್ಳೋದಾ? ಕೆಲಸ ಹೋದ್ರೆ ನೀವು ಕೊಡಿಸ್ತೀರಾ?" ಎಂದು ರೇಗಿದೆ.

ನಾನು ಹಾಗೆ ರೇಗಲು ಒಂದು ಕಾರಣವಿತ್ತು. ಮ್ಯಾನೇಜರು ನನ್ನ ಸೊಸೆಯನ್ನು ಉಗ್ರಾಣಕ್ಕೆ ಕರೆದು, "ಮುಂದಿನ ಸೂಪರ್‌ವೈಸರ್ ನೀನೇ. ಯಾರಿಗೂ ಹೇಳ್ಬೇಡ. ಗುಂಪು ಕಟ್ಟೋರ ಜೊತೆ ಮಾತ್ರ ಸೇರ್ಬೇಡ" ಎಂದಿದ್ದರು. ಅವಳು ಅದನ್ನು ನನಗೊಬ್ಬಳಿಗೆ ಹೇಳಿದ್ದಳು. ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಬೀದಿಗೆಲ್ಲ ಗೊತ್ತು. ಆದರೂ ಹತ್ತು ದಿನ ತಡೆದೆ. ಹನ್ನೊಂದನೆಯ ದಿನ ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ನರ್ಸಮ್ಮ ಮತ್ತೆ ಸಂಘದ ಮಾತೆತ್ತಿದರು.

"ನಮ್ಮ ಸೊಸೆಗೆ ಅದೆಲ್ಲ ಯಾಕೆ? ಅವಳು ಸೂಪರ್‌ವೈಸರ್ ಆಗೋಳು. ಮ್ಯಾನೇಜರೇ ಮಾತು ಕೊಟ್ಟಿದ್ದಾರೆ" ಎಂದುಬಿಟ್ಟೆ.

ನರ್ಸಮ್ಮ ಹಿಂಡುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟರು. "ಯಾರಿಗೆ? ನಿಮ್ಮ ಸೊಸೆಗಾ? ಅದೇ ಕೆಲಸ ನಮ್ಮ ಮಗನಿಗೆ ಅಂತ ಹೇಳಿದ್ದಾರಲ್ಲಮ್ಮ! ಅದಕ್ಕೇ ಅವನು ನನ್ನ ಮಾತೇ ಕೇಳ್ತಿಲ್ಲ!"

ಇಬ್ಬರಿಗೂ ಮೊದಲು ನಗು ಬಂತು. ಆಮೇಲೆ ಬಂದ ಸಿಟ್ಟನ್ನು ಏನೆಂದು ಹೇಳಲಿ!

ರಾತ್ರಿ ಇದನ್ನು ಸೊಸೆಗೆ ಹೇಳಿದೆ. ಮರುದಿನ ಅವಳು ಅಂಗಡಿಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬೊಬ್ಬರನ್ನೇ ವಿಚಾರಿಸಿದಳು. ಅಲ್ಲಿ ಕೆಲಸಕ್ಕಿರುವುದು ಇವಳೂ ಸೇರಿ ಹನ್ನೊಂದು ಜನ.

"ಅತ್ತೆ, ಏಳು ಜನಕ್ಕೆ ಅದೇ ಮಾತು ಕೊಟ್ಟಿದ್ದಾರೆ! ಹೋದ ವಾರ ಸೇರಿದವಳಿಗೂ!"

"ಎಲ್ಲರ ಮೂಗಿಗೂ ತುಪ್ಪ ಸವರಿದ್ದಾನೆ ಅನ್ನು."

"ಅದಿರಲಿ. ಅಂಗಿ ತೋಳು ಮಡಚಿ ಅಂದೆ. ಒಂಬತ್ತು ಜನರ ಕೈಯಲ್ಲಿ ಸುಟ್ಟ ಕಲೆ, ಅತ್ತೆ. ಎಲ್ಲರೂ ತಮ್ಮದೇ ತಪ್ಪು ಅಂತ ಮುಚ್ಚಿಟ್ಟುಕೊಂಡಿದ್ರು." ಹೇಳುವಾಗ ಅವಳ ಕಣ್ಣು ತುಂಬಿತು, ನನ್ನದೂ ತುಂಬಿತು.

ಆ ಭಾನುವಾರ ಸಭೆ ನಮ್ಮ ಮನೆಯಲ್ಲೇ ನಡೆಯಿತು. ಕರೆದವಳು ನಾನೇ. ಕುರ್ಚಿ ಸಾಲದೆ ಮಂಚದ ಮೇಲೂ ಕೂತರು. ಯಾರೋ ನರ್ಸಮ್ಮನನ್ನು ಕೇಳಿದರು, "ಕೆಲಸದಿಂದ ತೆಗೆದ್ರೆ?"

"ಹೆದರಿಸ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಸಂಘ ಕಟ್ಟೋದು ಕೆಲಸಗಾರರ ಹಕ್ಕು, ಕಳ್ಳತನ ಅಲ್ಲ. ಯಾರೂ ಒಬ್ಬೊಬ್ಬರೇ ಹೋಗ್ಬೇಡಿ. ಸದಸ್ಯರ ಪಟ್ಟಿ ಮಾಡಿ. ನಿಮ್ಮ ಪರ ಮಾತಾಡೋರನ್ನ ನೀವೇ ಆರಿಸಿ. ಬೇಡಿಕೆ ಬರೆದು ಎಲ್ಲರೂ ಸಹಿ ಹಾಕಿ, ಒಂದು ಪ್ರತಿ ನಿಮ್ಮ ಹತ್ರ ಇಟ್ಕೊಳ್ಳಿ. ಕಾನೂನು ಗೊತ್ತಿರೋ ನಮ್ಮ ಸಂಘದವರನ್ನ ನಾನು ಕರ್ಕೊಂಡು ಬರ್ತೀನಿ."

ಎಲ್ಲರೂ ನನ್ನ ಸೊಸೆಯನ್ನೇ ಕಾರ್ಯದರ್ಶಿಯಾಗಿ ಆರಿಸಿದರು. ಎಲ್ಲರೂ ಹೋದ ಮೇಲೆ ಅವಳು ಮೆಲ್ಲಗೆ ಅಂದಳು, "ಮ್ಯಾನೇಜರ್ ಎದುರು ಮಾತಾಡೋಕೆ ಹೆದರಿಕೆ ಆಗುತ್ತೆ ಅತ್ತೆ."

"ದಿನಾ ನನ್ನ ಜೊತೆ ಜಗಳ ಆಡೋಕೆ ಹೆದರದವಳು ಅವನಿಗೆ ಹೆದರ್ತೀಯೇನೇ? ಹೋಗೇ!"

ಸೋಮವಾರ ಅಂಗಡಿ ತೆರೆಯುವ ಮೊದಲು ಹನ್ನೊಂದು ಜನರೂ ಒಟ್ಟಿಗೆ ನಿಂತರು. ಮ್ಯಾನೇಜರು ಎಲ್ಲರೂ ಸಹಿ ಹಾಕಿದ ಬೇಡಿಕೆ ಕಾಗದ ನೋಡಿ, "ಒಬ್ಬೊಬ್ಬರೇ ಒಳಗೆ ಬನ್ನಿ, ಮಾತಾಡೋಣ" ಎಂದರು.

ನನ್ನ ಸೊಸೆ ಹೇಳಿದಳಂತೆ, "ಒಬ್ಬೊಬ್ಬರೇ ಬಂದಿದ್ದು ಸಾಕು ಸಾರ್. ಇನ್ನು ಎಲ್ಲರೂ ಒಟ್ಟಿಗೇ ಬರ್ತೀವಿ."

ಅವರು ಸಿಡುಕಿದರು, ಮೂರು ವಾರ ಎಳೆದಾಡಿದರು. ಆದರೆ ಹನ್ನೊಂದು ಜನರಲ್ಲಿ ಒಬ್ಬರೂ ಕದಲಲಿಲ್ಲ. ಈಗ ಎಣ್ಣೆ ಆರುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಕಾಯುವ ಆ ಗಂಟೆಯೂ ಕೆಲಸದ ಹೊತ್ತಿಗೇ ಸೇರುತ್ತದೆ. ಎಲ್ಲರಿಗೂ ಮೊಣಕೈವರೆಗಿನ ಕೈಗವಸು ಬಂದಿದೆ. ಕೇಳುವುದು ಇನ್ನೂ ಬಹಳವಿದೆ, ಕೇಳುತ್ತಾರೆ.

ನನ್ನ ಸೊಸೆ ಸಂಘದ ಕಾರ್ಯದರ್ಶಿ. ಇದನ್ನು ಗುಟ್ಟಾಗಿಡು ಎಂದು ನನಗೆ ಯಾರೂ ಹೇಳಿಲ್ಲ. ಅದಕ್ಕೇ ಕಂಡಕಂಡವರಿಗೆಲ್ಲ ಹೇಳುತ್ತೇನೆ, ಎದೆಯುಬ್ಬಿಸಿ ಹೇಳುತ್ತೇನೆ.

ಅಡುಗೆಮನೆಯಲ್ಲೋ ಕೌಂಟರಿನಲ್ಲೋ ದುಡಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಗಾಯವನ್ನು ಅಂಗಿ ತೋಳಿನೊಳಗೆ ಮುಚ್ಚಿಡಬೇಡಿ. ನಾಳೆ ಕೆಲಸಕ್ಕೆ ಹೋದಾಗ ಪಕ್ಕದಲ್ಲಿ ನಿಂತವರನ್ನು ಒಂದು ಮಾತು ಕೇಳಿ: "ನಿನಗೂ ಸುಟ್ಟಿದೆಯಾ?" ಸಂಘ ಶುರುವಾಗುವುದು ಅಲ್ಲಿಂದಲೇ.